ಕಾರಿನ ಕೆಳಗೆ ಎಣ್ಣೆ ಕಲೆ

ಬಾಡಿಗೆ ಕಾರು ಇರುವ ಮನೆ. ಕಾರು ಓಡಿದರೆ ಒಲೆ ಉರಿಯುತ್ತದೆ. ಕಾರು ಕೆಟ್ಟು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಸ್ಟೇರಿಂಗ್ ಹಿಡಿಯೋದು ಗಂಡನೋ ಮಗನೋ ಇರಬಹುದು. ಈಗ ಹೆಂಗಸರೂ ಹಿಡಿಯುತ್ತಾರೆ. ಯಾರೇ ಹಿಡಿಯಲಿ, ಬೆಳಿಗ್ಗೆ ಅಂಗಳ ಗುಡಿಸುವಾಗ ಕಾರು ನಿಂತಿದ್ದ ಜಾಗ ಮೊದಲು ನಮ್ಮ ಕಣ್ಣಿಗೇ ಬೀಳುತ್ತದೆ. ಅಲ್ಲಿ ಎಣ್ಣೆ ಕಲೆ ಇದೆಯೇ? ಇದ್ದರೆ ಮಣ್ಣು ಹಾಕಿ ಗುಡಿಸಿಬಿಡಬೇಡಿ. ಕಾರಿನ ಹೊಟ್ಟೆಯೊಳಗೆ ಏನೋ ತೊಂದರೆ ಶುರುವಾಗಿದೆ.

ಯಾವ ಎಣ್ಣೆ, ಎಲ್ಲಿಂದ ಬಂತು? ತಿಳಿಯಬೇಕಾದರೆ ಮೊದಲು ಗೇರ್ ಬಾಕ್ಸ್ ಅಂದರೆ ಏನು ಅಂತ ನೋಡೋಣ.

ನಡುವೆ ಒಂದು ಪೆಟ್ಟಿಗೆ

ಕಾರಿನ ಎಂಜಿನ್ ಬಹಳ ಜೋರಾಗಿ ತಿರುಗುತ್ತದೆ. ಓಡುವಾಗ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು. ಗಾಲಿಗೆ ಅಷ್ಟು ಓಟ ಬೇಡ, ಬಲ ಬೇಕು. ಅದಕ್ಕೇ ಎಂಜಿನ್ನಿಗೂ ಗಾಲಿಗೂ ನಡುವೆ ಹಲ್ಲಿನ ಚಕ್ರಗಳ ಪೆಟ್ಟಿಗೆ ಇಟ್ಟಿದ್ದಾರೆ. ಅದೇ ಗೇರ್ ಬಾಕ್ಸ್. ಸಣ್ಣ ಚಕ್ರ ದೊಡ್ಡ ಚಕ್ರವನ್ನು ತಿರುಗಿಸಿದರೆ ಓಟ ಕಡಿಮೆಯಾಗುತ್ತದೆ, ಬಲ ಹೆಚ್ಚುತ್ತದೆ.

ಸೈಕಲ್ಲಿನಲ್ಲಿ ಇದು ಉಲ್ಟಾ. ಪೆಡಲಿನ ಹತ್ತಿರ ದೊಡ್ಡ ಚಕ್ರ, ಹಿಂದೆ ಸಣ್ಣ ಚಕ್ರ. ಪೆಡಲು ಒಂದು ಸುತ್ತು ಬಂದರೆ ಹಿಂದಿನ ಗಾಲಿ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ. ಓಟ ಸಿಗುತ್ತದೆ, ಬಲ ಸಾಲದು. ಏರು ಬಂದರೆ ಇಳಿದು ತಳ್ಳುತ್ತೇವಲ್ಲ, ಅದಕ್ಕೇ.

ಆಗುಂಬೆ ಘಾಟಿಯಲ್ಲಿ ಕಾರು ತಳ್ಳೋಕೆ ಆಗುತ್ತದೆಯೇ? ಏರು ಕಡಿದಾದರೆ ಡ್ರೈವರು ಮೊದಲನೇ ಗೇರಿಗೆ ಬರುತ್ತಾರೆ. ಆಗ ಎಂಜಿನ್ ಸುಮಾರು ಮೂರೂವರೆ ಸುತ್ತು ತಿರುಗಿದರೆ ಪೆಟ್ಟಿಗೆಯಿಂದ ಒಂದು ಸುತ್ತು ಹೊರಗೆ ಬರುತ್ತದೆ. ಗೇರ್ ಕೋಲಿನ ತಲೆಯ ಮೇಲೆ 1, 2, 3, 4, 5 ಎಂದು ಬರೆದಿರುತ್ತದೆ. ಅಂಕಿ ಕಲಿತ ನಮಗೆ ಅದನ್ನು ಓದುವುದು ಕಷ್ಟವಲ್ಲ.

ಪೆಟ್ಟಿಗೆಗೂ ಎಂಜಿನ್ನಿಗೂ ನಡುವೆ ಕ್ಲಚ್ ಪ್ಲೇಟ್ ಇದೆ. ಪೆಡಲು ಒತ್ತಿದರೆ ಎರಡನ್ನೂ ಬಿಡಿಸುತ್ತದೆ, ಬಿಟ್ಟರೆ ಕೂಡಿಸುತ್ತದೆ. ಚಪ್ಪಲಿ ಅಟ್ಟೆ ಸವೆದ ಹಾಗೆ ಇದೂ ಸವೆಯುತ್ತದೆ. ಕ್ಲಚ್ ಮೇಲೆ ಸದಾ ಕಾಲಿಟ್ಟು ಓಡಿಸುವವರ ಪ್ಲೇಟು ಬೇಗ ಹೋಗುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಕ್ಲಚ್ಚಿನಲ್ಲೇ ಕಾರು ನಿಲ್ಲಿಸಿಕೊಳ್ಳುವವರದ್ದೂ ಅಷ್ಟೇ. ಎಂಜಿನ್ ಅರಚುತ್ತದೆ, ಆದರೆ ಕಾರು ಮುಂದೆ ಹೋಗಲ್ಲ, ಸುಟ್ಟ ವಾಸನೆ ಬರುತ್ತದೆ. ಹೀಗಾದರೆ ಕೆಟ್ಟಿರುವುದು ಹೆಚ್ಚಾಗಿ ಕ್ಲಚ್, ಗೇರ್ ಬಾಕ್ಸ್ ಅಲ್ಲ. ಈ ವ್ಯತ್ಯಾಸ ನೆನಪಿರಲಿ. ಖರ್ಚಿನಲ್ಲಿ ಬಹಳ ಅಂತರ ಇದೆ.

ಹನಿ ನೋಡಿ

ಗೇರ್ ಬಾಕ್ಸಿನ ಜೀವ ಅದರ ಎಣ್ಣೆ. ಹಲ್ಲಿಗೆ ಹಲ್ಲು ತಾಗಿ ಸವೆಯದ ಹಾಗೆ ಅದು ಕಾಯುತ್ತದೆ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಉರಿದೂ ಹೋಗುತ್ತದೆ. ಗೇರ್ ಆಯಿಲ್ ಉರಿಯುವುದಿಲ್ಲ. ಅದು ಕಡಿಮೆ ಆಯಿತು ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಹೆಚ್ಚಾಗಿ ಸವೆದ ಸೀಲಿನಿಂದ ಸೋರುತ್ತದೆ. ಸೀಲು ಸಣ್ಣ ರಬ್ಬರು ಬಳೆ. ಬೆಲೆ ಕಡಿಮೆ, ಬಿಚ್ಚಿ ಹಾಕುವ ಕೂಲಿ ಹೆಚ್ಚು. ಆದರೂ ಹೊಸ ಗೇರ್ ಬಾಕ್ಸಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ರಾತ್ರಿ ಕಾರಿನ ಕೆಳಗೆ ಒಂದು ಹಳೆ ರಟ್ಟು ಹಾಸಿ. ಬೆಳಿಗ್ಗೆ ನೋಡಿ. ಬರೀ ನೀರಾದರೆ ಅದು ಏಸಿಯದ್ದು, ಹೆದರಬೇಡಿ. ಕಪ್ಪು ಎಣ್ಣೆಯಾದರೆ ಎಂಜಿನ್ನಿನದು ಇರಬಹುದು. ಗೇರ್ ಆಯಿಲ್ ಮಂದ. ಗಂಧಕದ ಹಾಗೆ ಘಾಟು ಹೊಡೆಯುತ್ತದೆ. ತಾನೇ ಗೇರ್ ಬದಲಿಸುವ ಆಟೋಮ್ಯಾಟಿಕ್ ಕಾರುಗಳಲ್ಲಿ ಎಣ್ಣೆ ಹೆಚ್ಚಾಗಿ ಕೆಂಪು. ಹನಿ ಬಿದ್ದ ಜಾಗವನ್ನೂ ಗುರುತು ಮಾಡಿ. ಅಂಬಾಸಿಡರಿನಲ್ಲಿ ಗೇರ್ ಬಾಕ್ಸ್ ಎಂಜಿನ್ನಿನ ಹಿಂದೆ ಇತ್ತು. ಈಗಿನ ಸಣ್ಣ ಕಾರುಗಳಲ್ಲಿ ಎರಡೂ ಮುಂದೆಯೇ ಅಕ್ಕಪಕ್ಕ ಇರುತ್ತವೆ. ರಟ್ಟನ್ನೇ ಮೆಕ್ಯಾನಿಕ್ಕಿಗೆ ತೋರಿಸಿ.

ಒಂದು ಮಾತು. ಬರೀ ಜಾಕಿ ಕೊಟ್ಟ ಕಾರಿನ ಕೆಳಗೆ ಯಾರೂ ನುಗ್ಗಬಾರದು. ಜಾಕಿ ಜಾರಿದರೆ ಜೀವವೇ ಹೋಗುತ್ತದೆ.

ಗ್ಯಾರೇಜಿನಲ್ಲಿ

ಕಾರು ಸಮನೆಲದ ಮೇಲೆ ಇರಬೇಕು. ಹಲವು ಕಾರುಗಳಲ್ಲಿ ಗೇರ್ ಬಾಕ್ಸಿನ ಪಕ್ಕದಲ್ಲಿ ಎಣ್ಣೆ ತುಂಬುವ ತೂತಿಗೆ ಒಂದು ಬಿರಡೆ ಇರುತ್ತದೆ, ತಳದಲ್ಲಿ ಇನ್ನೊಂದು. ಜಾಣ ಮೆಕ್ಯಾನಿಕ್ ಮೊದಲು ಪಕ್ಕದ ಬಿರಡೆ ಬಿಚ್ಚುತ್ತಾರೆ. ಯಾಕೆ? ಅದು ತುಕ್ಕು ಹಿಡಿದು ಬರದೇ ಹೋದರೆ ತುಂಬುವುದು ಹೇಗೆ? ಅಷ್ಟರಲ್ಲಿ ಕೆಳಗಿನದು ಬಿಚ್ಚಿ ಎಣ್ಣೆ ಚೆಲ್ಲಿಬಿಟ್ಟಿದ್ದರೆ ಕಾರು ಅಲ್ಲೇ ಕೂರುತ್ತದೆ.

ಕೆಳಗಿನ ಬಿರಡೆಯಲ್ಲಿ ಕೆಲವು ಕಾರುಗಳಿಗೆ ಅಯಸ್ಕಾಂತ ಇರುತ್ತದೆ. ಅದನ್ನು ಕೇಳಿ ನೋಡಿ. ಕಾಡಿಗೆಯಂಥ ನುಣ್ಣನೆ ಪುಡಿ ಅಂಟಿದ್ದರೆ ಸಹಜ. ಚೂರು ಚೂರು ಲೋಹ ಸಿಕ್ಕರೆ ಒಳಗೆ ಹಲ್ಲು ಮುರಿಯುತ್ತಿದೆ. ಆಮೇಲೆ ಹೊಸ ಎಣ್ಣೆ ಹಾಕಿಸಿ. ಪಕ್ಕದ ತೂತಿನ ಅಂಚಿಗೆ ಬಂದು ತುಳುಕಿದರೆ ಸಾಕು.

ಯಾವ ಎಣ್ಣೆ, ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಒಮ್ಮೆ? ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದೆ. ಡಬ್ಬದ ಮೇಲೆ 75 ಡಬ್ಲ್ಯು 90 ಎಂಬಂಥ ಗುರುತು ಇರುತ್ತದೆ. ಪುಸ್ತಕದ ಅಂಕಿಯೂ ಡಬ್ಬದ ಅಂಕಿಯೂ ಒಂದೇ ಇರಬೇಕು. 'ಎಲ್ಲಾ ಒಂದೇ ಬಿಡಿ ಅಕ್ಕಾ' ಅಂದರೆ ಒಪ್ಪಬೇಡಿ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಮಗನ ಕಾರಿನ ಬಿಲ್ಲು ತಂದಿದ್ದರು. ಹಾಕಿದ್ದು ಕ್ಲಚ್ ಪ್ಲೇಟ್ ಒಂದೇ. ಬಿಲ್ಲಿನಲ್ಲಿ 'ಗೇರ್ ಬಾಕ್ಸ್ ರಿಪೇರಿ' ಎಂದು ಇನ್ನೊಂದು ಸಾಲು ಇತ್ತು. ಅಕ್ಷರ ಕೂಡಿಸಿ ಕೂಡಿಸಿ ಅವರೇ ಓದಿದರು. ಮಾರನೇ ದಿನ ಗ್ಯಾರೇಜಿಗೆ ಹೋಗಿ, "ಬಿಚ್ಚಿದ ಹಳೇ ಸಾಮಾನು ಕೊಡಪ್ಪ, ನೋಡ್ತೀನಿ" ಅಂದರು. ಹಳೇ ಕ್ಲಚ್ ಪ್ಲೇಟ್ ಬಂತು. ಬೇರೆ ಏನೂ ಬರಲಿಲ್ಲ. ಆ ಸಾಲು ಹೊಡೆದು ಹಾಕಿದರು. ಎಲ್ಲಾ ಮೆಕ್ಯಾನಿಕ್ಕುಗಳೂ ಹೀಗೆ ಅಂತ ನಾವು ಹೇಳುತ್ತಿಲ್ಲ. ಒಳ್ಳೆಯವರು ಕೇಳುವ ಮೊದಲೇ ಹಳೇ ಸಾಮಾನು ಮುಂದೆ ಇಡುತ್ತಾರೆ.

ಲೆಕ್ಕ ಮಾಡಿ, ಬರೆಯಿರಿ

ಪುಸ್ತಕದ ಪ್ರಕಾರ ಗೇರ್ ಬಾಕ್ಸಿಗೆ 2 ಲೀಟರ್ ಎಣ್ಣೆ ಬೇಕು. ಬಿಲ್ಲಿನಲ್ಲಿ 3 ಲೀಟರ್ ಬರೆದಿದೆ. ಲೀಟರಿಗೆ 500 ರೂಪಾಯಿ ಎಂದುಕೊಳ್ಳಿ. ಎಷ್ಟು ಹಣ ಹೆಚ್ಚು ಬರೆದಿದ್ದಾರೆ? ಗ್ಯಾರೇಜಿನವರನ್ನು ಏನೆಂದು ಕೇಳುತ್ತೀರಿ? ನಿಮ್ಮ ಮಾತಿನಲ್ಲೇ ಎರಡು ಸಾಲು ಬರೆಯಿರಿ.