ಹೊಸದಾಗಿ ಬಂದ ಕುಟುಂಬ, ಆರೋಗ್ಯ ಸೇವೆ ಮತ್ತು ಶಿಕ್ಷಕರ ಹೊಣೆ

ಉದ್ದೇಶ

ನೆಲೆ ತಪ್ಪಿ ಬಂದ ಕುಟುಂಬಗಳು ದೇಹದ ಹಾಗೂ ಮನಸ್ಸಿನ ಚಿಕಿತ್ಸೆ ಪಡೆಯುವಲ್ಲಿ ಎದುರಾಗುವ ತಡೆಗಳನ್ನು ನೀಲಗಿರಿಯ ನಿದರ್ಶನದಿಂದ ಗ್ರಹಿಸುವುದು. ಅಂಥ ಮನೆಯ ಮಗು ತರಗತಿಗೆ ಬಂದಾಗ ಶಿಕ್ಷಕರು ಮಾಡಬೇಕಾದುದನ್ನೂ ಮಾಡಬಾರದುದನ್ನೂ ಅರಿಯುವುದು.

ಹಿನ್ನೆಲೆ

1948ರ ಪೌರತ್ವ ಕಾಯಿದೆಯಿಂದಾಗಿ ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಭಾರತೀಯ ಮೂಲದ ತಮಿಳರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಅವರ ನಡುವೆ ಒಪ್ಪಂದವಾಯಿತು. ಅದರಂತೆ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಸಿಲೋನೂ ಸ್ವೀಕರಿಸಬೇಕಿತ್ತು. ತಲೈಮನ್ನಾರಿನಿಂದ ಹಡಗಿನಲ್ಲಿ ರಾಮೇಶ್ವರಕ್ಕೂ ಅಲ್ಲಿಂದ ಮಂಡಪಂ ಶಿಬಿರಕ್ಕೂ ಬಂದ ಕುಟುಂಬಗಳಲ್ಲಿ ಅನೇಕವು ನೀಲಗಿರಿಯಲ್ಲಿ ನೆಲೆಗೊಂಡವು. ಅವರಿಗೆ ಉದ್ಯೋಗ ಒದಗಿಸಲು ತಮಿಳುನಾಡು ಸರ್ಕಾರ 1968ರಲ್ಲಿ ಆರಂಭಿಸಿದ ಚಹಾ ತೋಟ ಯೋಜನೆಯೇ ಇಂದಿನ ಟ್ಯಾನ್‌ಟೀ ನಿಗಮ.

ಕಾನೂನಿನ ದೃಷ್ಟಿಯಲ್ಲಿ ಇವರು ನಿರಾಶ್ರಿತರಲ್ಲ; ತಾಯ್ನಾಡಿಗೆ ಮರಳಿದ ಭಾರತೀಯ ಪ್ರಜೆಗಳು. ಆದರೂ ಅವರ ಅನುಭವ ನಿರಾಶ್ರಿತರ ಅನುಭವಕ್ಕೆ ತೀರ ಸಮೀಪವಾದುದು. ಒಡಹುಟ್ಟಿದವರಲ್ಲಿ ಒಬ್ಬರು ಭಾರತಕ್ಕೆ, ಇನ್ನೊಬ್ಬರು ಸಿಲೋನಿಗೆ ಎಂದು ಮನೆಗಳು ಒಡೆದವು. ಬಂದ ನಾಡಿನ ಭಾಷೆ ತಮ್ಮದೇ ಆಗಿದ್ದರೂ ‘ಸಿಲೋನಿನವರು’ ಎಂಬ ಹೆಸರು ಉಳಿಯಿತು. ಆಸ್ಪತ್ರೆಗೆ ಹೋಗುವವರಿಗೆ ಭಾಷೆಯ ಜೊತೆಗೆ ಕಾಗದ, ವಿಳಾಸ, ಪರಿಚಯ, ನಂಬಿಕೆ ಇವೂ ಬೇಕು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಇಂದು ಇದೇ ತೋಟಗಳಿಗೆ ಜಾರ್ಖಂಡ್, ಅಸ್ಸಾಂಗಳಿಂದ ಕೂಲಿಗೆ ಬರುವವರಿಗಾದರೋ ಭಾಷೆಯೂ ಬೇರೆ.

ಗೂಡಲೂರಿನ ಪಾಠ

ಈ ತಡೆಯನ್ನು ದಾಟುವ ಒಂದು ಮಾರ್ಗವನ್ನು ಗೂಡಲೂರು ತೋರಿಸಿದೆ. ಅಲ್ಲಿನ ಪಣಿಯ, ಬೆಟ್ಟಕುರುಂಬ, ಕಾಟ್ಟುನಾಯಕ ಮೊದಲಾದ ಸಮುದಾಯಗಳು ವಲಸೆ ಬಂದವರಲ್ಲ, ನೆಲದ ಮೂಲ ನಿವಾಸಿಗಳು; ಆದರೂ ಆಸ್ಪತ್ರೆಯೆಂದರೆ ಅವರಿಗೆ ಪರಕೀಯ ಸ್ಥಳವಾಗಿತ್ತು. ‘ಅಶ್ವಿನಿ’ ಸಂಸ್ಥೆ ಆದಿವಾಸಿ ಸಮುದಾಯಗಳ ಯುವತಿಯರನ್ನೇ ದಾದಿಯರನ್ನಾಗಿಯೂ ಆರೋಗ್ಯ ಕಾರ್ಯಕರ್ತೆಯರನ್ನಾಗಿಯೂ ತರಬೇತುಗೊಳಿಸಿ, ಗೂಡಲೂರು ಆದಿವಾಸಿ ಆಸ್ಪತ್ರೆಯನ್ನು ಕಟ್ಟಿ ಬೆಳೆಸಿತು. ನೋವನ್ನು ಸ್ವಂತ ನುಡಿಯಲ್ಲಿ ಹೇಳಿಕೊಳ್ಳಲು ಸಾಧ್ಯವಾದಾಗ ರೋಗಿ ಬಾಗಿಲು ದಾಟುತ್ತಾನೆ. ಜ್ವರವನ್ನು ಕೈಸನ್ನೆಯಿಂದ ತಿಳಿಸಬಹುದು. ದುಃಖವನ್ನೂ ಭಯವನ್ನೂ ಹಾಗೆ ತಿಳಿಸಲಾಗದು.

ಮಗುವಿನ ಮೇಲಿನ ಹೊರೆ

ಹೊಸ ಊರಿನ ಭಾಷೆಯನ್ನು ಮನೆಯಲ್ಲಿ ಮೊದಲು ಕಲಿಯುವುದು ಸಾಮಾನ್ಯವಾಗಿ ಮಗು. ಹೀಗಾಗಿ ವೈದ್ಯರಿಗೂ ತಾಯಿಗೂ ನಡುವೆ ದುಭಾಷಿಯಾಗಿ ಅದನ್ನೇ ನಿಲ್ಲಿಸುವುದುಂಟು. ತಾಯಿಯ ರಕ್ತಸ್ರಾವವನ್ನೋ ತಂದೆಯ ಕುಡಿತವನ್ನೋ ಹತ್ತು ವರ್ಷದ ಮಗು ಅನುವಾದಿಸಬೇಕಾಗುತ್ತದೆ. ತಾಯಿ ನಾಚಿ ಅರ್ಧವನ್ನು ಮರೆಮಾಡುತ್ತಾಳೆ. ಮಗು ಹೆದರಿ ಉಳಿದುದರಲ್ಲಿ ಅರ್ಧವನ್ನು ಬಿಡುತ್ತದೆ. ಚಿಕಿತ್ಸೆ ತಪ್ಪುವುದಲ್ಲದೆ ಆ ಹೊರೆ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಥ ಕೆಲಸಕ್ಕಾಗಿ ಮಗುವನ್ನು ಶಾಲೆಯಿಂದ ಕಳುಹಿಸುವುದು ಯುಕ್ತವಲ್ಲ. ಆ ನುಡಿ ಬಲ್ಲ ವಯಸ್ಕರೊಬ್ಬರನ್ನು, ಸಾಧ್ಯವಾದರೆ ಮಹಿಳೆಯನ್ನು, ಗೊತ್ತುಪಡಿಸಲು ನೆರವಾಗಬೇಕು.

ಎರಡು ಬಗೆಯ ಮೌನ

ತರಗತಿಯಲ್ಲಿ ಮಾತನಾಡದ ಹೊಸ ಮಗುವನ್ನು ಮಂದವೆಂದು ಎಣಿಸಲಾಗದು. ಅದು ಆಟದಲ್ಲಿಯೂ ತನ್ನ ನುಡಿಯವರೊಂದಿಗೂ ಲವಲವಿಕೆಯಿಂದಿದ್ದರೆ, ಆ ಮೌನ ಬಹುತೇಕ ಭಾಷೆ ಕಲಿಯುವ ಹಂತದ ಮೌನ. ಕಾಲಾವಕಾಶವೇ ಅದಕ್ಕೆ ಮದ್ದು. ತನ್ನ ಮಾತೃಭಾಷೆಯಲ್ಲಿಯೂ ಮಾತು ನಿಂತಿದ್ದರೆ, ನಿದ್ದೆ ಕೆಟ್ಟಿದ್ದರೆ, ಕಾರಣ ತಿಳಿಯದ ಹೊಟ್ಟೆನೋವು ಮರುಕಳಿಸುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ, ಇವು ವಾರಗಟ್ಟಲೆ ಮುಂದುವರಿದರೆ, ಆ ಮೌನಕ್ಕೆ ನೆರವು ಬೇಕು. ಶಿಕ್ಷಕರು ಗಮನಿಸಿದ್ದನ್ನು ದಿನಾಂಕಸಹಿತ ಬರೆದಿಡಬೇಕು. ರೋಗಕ್ಕೆ ಹೆಸರಿಡುವುದು ವೈದ್ಯರ ಕೆಲಸ. ಕಳೆದುಹೋದ ಊರಿನ ಬಗ್ಗೆ ಎಲ್ಲರೆದುರು ಪ್ರಶ್ನಿಸುವುದಾಗಲಿ, ‘ನನ್ನ ಹುಟ್ಟೂರು’ ಪ್ರಬಂಧಕ್ಕೆ ಒತ್ತಾಯಿಸುವುದಾಗಲಿ ಸಲ್ಲದು.

ನೆರವಿನ ದಾರಿ

1. ಮೊದಲು ಪೋಷಕರೊಂದಿಗೆ ಏಕಾಂತದಲ್ಲಿ ಮಾತನಾಡಿ, ಅವರ ಒಪ್ಪಿಗೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಶಾಲೆಗೆ ಬರುವ ವೈದ್ಯಕೀಯ ತಂಡವನ್ನೋ ಸಂಪರ್ಕಿಸುವುದು. ಮನೋವೈದ್ಯರ ಅಗತ್ಯವಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಮುಂದುವರಿಯುವುದು.

2. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಯನ್ನು ತಿಳಿಸುವುದು. ಕರೆ ಉಚಿತ, ಕನ್ನಡ, ತಮಿಳು, ಹಿಂದಿ ಸೇರಿದಂತೆ ಹಲವು ಭಾಷೆಗಳಲ್ಲಿ ಮಾತನಾಡಬಹುದು. ಮಗು ಅಪಾಯದಲ್ಲಿದ್ದರೆ 1098, ತುರ್ತು ವಾಹನಕ್ಕೆ 108.

3. ಕಾಗದಗಳಿಲ್ಲವೆಂದು ಹೆದರಿ ಹಿಂದೆ ಸರಿಯುವವರಿಗೆ ಧೈರ್ಯ ಹೇಳುವುದು. ಸಂವಿಧಾನದ 21ನೆಯ ವಿಧಿ ಜೀವಿಸುವ ಹಕ್ಕನ್ನು ಪ್ರಜೆಗಳಿಗಷ್ಟೇ ಅಲ್ಲದೆ ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ನೀಡಿದೆ. ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ ಆಸ್ಪತ್ರೆಗಳ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಚಿಕಿತ್ಸೆಯ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ.

4. ಕೇಳಿದ್ದನ್ನು ಶಿಕ್ಷಕರ ಕೊಠಡಿಯಲ್ಲಿ ಚರ್ಚೆಗೆ ತಾರದಿರುವುದು. ಒಮ್ಮೆ ಮುರಿದ ನಂಬಿಕೆ ಆ ಮನೆಯನ್ನು ಶಾಲೆಯಿಂದಲೂ ಆಸ್ಪತ್ರೆಯಿಂದಲೂ ದೂರ ಮಾಡುತ್ತದೆ.

ತರಗತಿ ಚಟುವಟಿಕೆ

ತಲೆನೋವು, ಹೊಟ್ಟೆನೋವು, ತಲೆಸುತ್ತು, ಭಯ, ಬೇಸರ, ನಿದ್ದೆ ಬಾರದಿರುವುದು ಮುಂತಾದ ಇಪ್ಪತ್ತು ಪದಗಳ ಪಟ್ಟಿಯನ್ನು ಕನ್ನಡ, ತಮಿಳು ಹಾಗೂ ಮಕ್ಕಳ ಮನೆಮಾತುಗಳಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆಸಿ ಗೋಡೆಗೆ ಹಾಕುವುದು. ತಾಳವಾಡಿ, ಹೊಸೂರು, ಮಸಿನಗುಡಿ ಭಾಗಗಳ ಕನ್ನಡ ಮಕ್ಕಳಿಗೂ ತಮಿಳು ಮಾತನಾಡುವ ಆಸ್ಪತ್ರೆಯಲ್ಲಿ ಈ ಪಟ್ಟಿ ಉಪಯೋಗಕ್ಕೆ ಬರುವುದು. ಹೊಸ ಮಗುವಿನ ನುಡಿಗೂ ಗೋಡೆಯ ಮೇಲೆ ಸ್ಥಾನ ದೊರೆಯುವುದು.

ಚಿಂತನೆಗೆ ಪ್ರಶ್ನೆಗಳು

1. ಭಾಷೆ ಒಂದೇ ಆಗಿದ್ದರೂ ಸಿಲೋನಿನಿಂದ ಮರಳಿದವರು ಪರಕೀಯರೆನಿಸಿದುದೇಕೆ?

2. ತಮ್ಮ ಶಾಲೆಯ ವ್ಯಾಪ್ತಿಯಲ್ಲಿ ಮಗುವಿನ ಬದಲಿಗೆ ದುಭಾಷಿಯಾಗಬಲ್ಲ ವಯಸ್ಕರು ಯಾರು ಯಾರಿದ್ದಾರೆ? ಯಾವ ಯಾವ ನುಡಿಗೆ?

3. ಎರಡು ಬಗೆಯ ಮೌನವನ್ನು ಗುರುತಿಸಲು ತರಗತಿಯ ಹೊರಗೆ ಏನೇನನ್ನು ಗಮನಿಸಬೇಕು?