ಅಚ್ಚಾದ ಪುಸ್ತಕದ ನಾಲ್ಕು ಪ್ರತಿಗಳು

ಪುಸ್ತಕವೊಂದು ಅಚ್ಚಾಗಿ ಅಂಗಡಿಗೆ ಬಂದಿತೆಂದರೆ ಅದರ ಬಾಳು ಸ್ಥಿರವಾಯಿತೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಸಾವಿರ ಪ್ರತಿಗಳಲ್ಲಿ ಕೆಲವು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಕೆಲವು ಗೆದ್ದಲಿಗೆ ಆಹಾರವಾಗುತ್ತವೆ, ಮಿಕ್ಕವು ರದ್ದಿಯವನ ತಕ್ಕಡಿಯನ್ನೇರುತ್ತವೆ. ಐವತ್ತು ವರ್ಷಗಳ ತರುವಾಯ ಅದನ್ನು ಅರಸಿ ಬಂದವನಿಗೆ ಒಂದು ಪ್ರತಿಯಾದರೂ ದೊರೆಯಬೇಕಾದರೆ ಯಾರಾದರೂ ಅದನ್ನು ಮೊದಲೇ ಎತ್ತಿಟ್ಟಿರಬೇಕಷ್ಟೆ.

ಎತ್ತಿಡುವ ಈ ಕಾರ್ಯವನ್ನು ಕಾನೂನಿನ ಕಟ್ಟಿಗೆ ತಂದವನು ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್. ರಾಜ್ಯದಲ್ಲಿ ಅಚ್ಚಾದ ಗ್ರಂಥಗಳ ಪ್ರತಿಯನ್ನು ರಾಜಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು 1537ರಲ್ಲಿ ಆತನು ಆಜ್ಞೆ ಹೊರಡಿಸಿದನು. ನಮ್ಮ ದೇಶದಲ್ಲಿ ಬ್ರಿಟಿಷರ 1867ರ ಕಾಯಿದೆಯೂ ಪುಸ್ತಕದ ಪ್ರತಿಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ವಿಧಿಸಿತ್ತು. ಆದರೆ ಅದರಲ್ಲಿ ಗ್ರಂಥಪ್ರೇಮಕ್ಕಿಂತ ಕಾವಲುಗಣ್ಣೇ ಹೆಚ್ಚಾಗಿತ್ತೆಂದು ನಮಗೆ ತೋರುತ್ತದೆ.

ಸ್ವತಂತ್ರ ಭಾರತದ 1954ರ ಕಾಯಿದೆಯ ಉದ್ದೇಶ ಬೇರೆ. ಇದರಂತೆ ಪ್ರಕಾಶಕನು ಪುಸ್ತಕ ಹೊರಬಂದ 30 ದಿನಗಳೊಳಗೆ ತನ್ನ ಸ್ವಂತ ಖರ್ಚಿನಲ್ಲಿ ನಾಲ್ಕು ಪ್ರತಿಗಳನ್ನು ಕಳುಹಿಸಬೇಕು: ಒಂದು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಒಂದು ಚೆನ್ನೈಯ ಕನ್ನೆಮರಾ ಗ್ರಂಥಾಲಯಕ್ಕೆ, ಒಂದು ದಿಲ್ಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ, ಇನ್ನೊಂದು ನಮ್ಮ ಮುಂಬಯಿಯ ಟೌನ್‌ಹಾಲಿನಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ. ಕೋಲ್ಕತ್ತಕ್ಕೆ ಹೋಗುವ ಪ್ರತಿ ಉತ್ತಮ ಕಾಗದದ್ದಾಗಿರಬೇಕು. ನಕ್ಷೆ, ಚಿತ್ರಗಳೆಲ್ಲ ಇರಬೇಕು. ಹೊಲಿಗೆಯೋ ರಟ್ಟೋ ಆಗಿರಬೇಕು. ಭಾಷೆ ಯಾವುದೇ ಆಗಲಿ, ಕಿರುಹೊತ್ತಿಗೆಯೇ ಆಗಲಿ, ನಿಯಮ ಒಂದೇ. 1956ರಲ್ಲಿ ವೃತ್ತಪತ್ರಿಕೆಗಳೂ ಇದಕ್ಕೆ ಸೇರಿದುವು. ತಪ್ಪಿದವರಿಗೆ ಕಾಯಿದೆ ಗೊತ್ತುಮಾಡಿದ ದಂಡ 50 ರೂಪಾಯಿಯವರೆಗೆ, ಜೊತೆಗೆ ಪುಸ್ತಕದ ಬೆಲೆ. ಇಷ್ಟು ಹಗುರವಾದ ದಂಡಕ್ಕೆ ಯಾರು ಹೆದರಿಯಾರು?

ಬಂದ ಪುಸ್ತಕವನ್ನು ಉಳಿಸುವುದು ಇನ್ನೂ ಕಷ್ಟ. ಮರದ ತಿರುಳನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲವು ಒಳಗೊಳಗೇ ಕೆಲಸ ಮಾಡುತ್ತದೆ. ಹಾಳೆ ಹಳದಿಯಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಆದುದರಿಂದಲೇ ವೃತ್ತಪತ್ರಿಕೆಗಳು ಬೇಗ ಜೀರ್ಣವಾಗುತ್ತವೆ. ಆಮ್ಲವನ್ನು ಕ್ಷಾರದಿಂದ ಶಮನಗೊಳಿಸುವುದು, ಹರಿದ ಹಾಳೆಗೆ ತೆಳುಕಾಗದವನ್ನು ಅಂಟಿಸುವುದು, ಕೈಮೀರಿದುದರ ಛಾಯಾಪ್ರತಿಯನ್ನು ಮೈಕ್ರೋಫಿಲ್ಮಿನಲ್ಲೋ ಗಣಕಯಂತ್ರದಲ್ಲೋ ಇಡುವುದು, ಇವು ಗ್ರಂಥಪಾಲಕರ ಉಪಾಯಗಳು.

ಹೀಗೆ ಒಪ್ಪಿಸಿದ ಪುಸ್ತಕಗಳನ್ನೇ ಆಧರಿಸಿ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ಸಿದ್ಧವಾಗುತ್ತದೆ; ಅದರಲ್ಲಿ ಕನ್ನಡಕ್ಕೂ ಸ್ಥಾನವಿದೆ. ಕಳುಹಿಸದ ಪುಸ್ತಕಕ್ಕೆ ಆ ಸೂಚಿಯಲ್ಲಿ ಹೆಸರು ದೊರೆಯುವುದು ದುರ್ಲಭ. ಮುಂಬಯಿಯಲ್ಲಿ ಲೇಖಕರೇ ಕೈಯಿಂದ ಹಣ ಹಾಕಿ ಅಚ್ಚುಮಾಡಿಸುವ ಕನ್ನಡ ಪುಸ್ತಕಗಳಿಗೆ ಈ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಅಂಥ ಲೇಖಕರಿದ್ದರೆ ನಾಲ್ಕು ಪ್ರತಿಗಳ ವಿಷಯವನ್ನು ಕೇಳಿರಿ. ಗ್ರಂಥಾಲಯವು ಅವಕ್ಕೆ ಲಿಖಿತ ರಸೀದಿಯನ್ನೂ ಕೊಡುತ್ತದೆ.