ಬೆಂಕಿಪೊಟ್ಟಣ ಬರೆಯಲು ರಬ್ಬರ್ ಬೇಡ

ಹಂಪಿಯಲ್ಲಿ ಎದುರು ಬಸವಣ್ಣನ ಹತ್ತಿರ ನಿಂತು ವಿರೂಪಾಕ್ಷನ ಗೋಪುರದ ಕಡೆ ನೋಡಿದರೆ, ಬಜಾರಿನ ಎರಡು ಬದಿಯ ಕಲ್ಲುಮಂಟಪಗಳು ದೂರ ಹೋದಂತೆ ಗಿಡ್ಡವಾಗುತ್ತ, ಒಂದರ ಕಡೆಗೊಂದು ಸರಿಯುತ್ತ ಹೋಗುತ್ತವೆ. ಬೀದಿ ಕಿರಿದಾಗಿಲ್ಲ ಎಂದು ಗೊತ್ತು, ಆದರೂ ಕಣ್ಣಿಗೆ ಹಾಗೆ. ಇದಕ್ಕೆ ಲೆಕ್ಕದ ನಿಯಮ ಕಟ್ಟಿ ಇಟಲಿಯ ಆಲ್ಬರ್ಟಿ 1435ರಲ್ಲೇ ಪುಸ್ತಕ ಬರೆದ. ಪರ್ಸ್ಪೆಕ್ಟಿವ್ ಎನ್ನುವುದು ಅದನ್ನೇ. ಬೀದಿಯಲ್ಲಿ ಢಾಳಾಗಿ ಕಾಣುವ ಈ ನಿಯಮ ಬೆಂಕಿಪೊಟ್ಟಣದಲ್ಲೂ ಇದೆ. ಅಲ್ಲಿ ಎಷ್ಟು ನವಿರಾಗಿದೆಯೆಂದರೆ ಕೈ ಪ್ರತಿ ಸಲ ಮೋಸಹೋಗುತ್ತದೆ.

ನಾನು ಕಲಿಯುವಾಗ ಒಂದೇ ಡಬ್ಬವನ್ನು ವಾರವಿಡೀ ಅಳಿಸಿ ಅಳಿಸಿ ಬರೆದು, ಕೊನೆಗೆ ಕಾಗದ ತೂತಾಯಿತೇ ಹೊರತು ಡಬ್ಬ ನೆಟ್ಟಗಾಗಲಿಲ್ಲ. ಆದ್ದರಿಂದ ರಬ್ಬರನ್ನು ಮೊದಲು ಒಳಗಿಡಿ. ಬೇಕಾದದ್ದು ಒಂದು ಬದಿ ಖಾಲಿ ಇರುವ ಹಳೆಯ ಹಾಳೆಗಳು, ನೀಲಿ ಬಾಲ್‌ಪೆನ್, ಕೆಂಪು ಪೆನ್, ಒಂದು ಬೆಂಕಿಪೊಟ್ಟಣ. ಸ್ಕೇಲು ಇರಲಿ, ತಪ್ಪು ನೋಡುವ ಹೊತ್ತಿಗೆ ಮಾತ್ರ.

ಮೂರು ಮುಖ ಕಾಣುವಂತೆ ಪೊಟ್ಟಣವನ್ನು ಮೇಜಿನ ಮೇಲೆ ಓರೆಯಾಗಿಟ್ಟು ಒಂದು ಕಣ್ಣು ಮುಚ್ಚಿ ನೋಡಿ. ಅಂಚುಗಳು 12, ನಿಮಗೆ ಕಾಣುವುದು 9. ನಿಮಗೆ ತೀರಾ ಹತ್ತಿರದ ಮೂಲೆಯಿಂದ ಶುರುಮಾಡಿ. ಅಲ್ಲಿಂದ ಕವೆಗೋಲಿನಂತೆ ಮೂರು ಗೆರೆ ಹೊರಡುತ್ತವೆ. ಅವುಗಳ ನಡುವಿನ ಮೂರು ಕೋನಗಳೂ 90 ಡಿಗ್ರಿಗಿಂತ ಹೆಚ್ಚಿರಲಿ. ಒಂದು ಕಡಿಮೆಯಾದರೂ ಯಾರೋ ತುಳಿದ ಡಬ್ಬದಂತೆ ಕಾಣುತ್ತದೆ.

ಉಳಿದ ಆರು ಗೆರೆಗಳಿಗೆ ಮೊದಲು ತುದಿಗಳಲ್ಲಿ ಚುಕ್ಕಿ ಇಡಿ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಎರಡು ಮೂರು ಸಲ ಗಾಳಿಯಲ್ಲೇ ಆ ದಾರಿ ಓಡಿಸಿ. ಆಮೇಲೆ ಮಣಿಕಟ್ಟಿನಿಂದಲ್ಲದೆ ಭುಜದಿಂದ, ತಡೆಯದೆ ಒಂದೇ ಎಳೆತ. ಡೊಂಕಾಯಿತೇ? ಆಗಲಿ. ಅದರ ಮೇಲೆ ಇನ್ನೊಂದು ಎಳೆಯಬೇಡಿ. ಎರಡು ಗೆರೆಯಿದ್ದರೆ ನಿಮ್ಮ ಕೈ ಯಾವ ಕಡೆ ವಾಲುತ್ತದೆಂಬುದೇ ತಿಳಿಯದು.

ಈಗ ಕೆಂಪು ಪೆನ್ನು, ಸ್ಕೇಲು. ಪೊಟ್ಟಣದಲ್ಲಿ ಒಂದೇ ದಿಕ್ಕಿಗಿರುವ ಅಂಚುಗಳನ್ನು ಒಂದು ಗುಂಪೆಂದರೆ ಒಂಬತ್ತು ಗೆರೆಗಳು ಮೂರು ಗುಂಪು, ಗುಂಪಿಗೆ ಮೂರು. ಪ್ರತಿ ಗುಂಪನ್ನೂ ನಿಮ್ಮಿಂದ ದೂರ ಹೋಗುವ ದಿಕ್ಕಿಗೆ ಉದ್ದ ಮಾಡಿ. ಮೂರೂ ಎಲ್ಲೋ ಒಂದೇ ಬಿಂದುವಿನ ಕಡೆ ಹೊರಟಿರಬೇಕು. ಬಿಂದು ಹಾಳೆಯಾಚೆ ಬಿದ್ದರೂ ಸರಿ. ಸಾಮಾನ್ಯವಾಗಿ ಎರಡು ಜೊತೆಯಾಗಿ ಹೋಗುತ್ತವೆ, ಮೂರನೆಯದು ತನ್ನ ಪಾಡಿಗೆ ಬೇರೆ ಊರಿಗೆ ಹೊರಟಿರುತ್ತದೆ. ಯಾಕೆಂದರೆ ಗೆರೆ ಎಳೆಯುವಾಗ ನಾವು ಪಕ್ಕದ ಒಂದು ಗೆರೆಯನ್ನಷ್ಟೇ ನೋಡಿಕೊಂಡಿರುತ್ತೇವೆ. ಇನ್ನೂ ಕೆಟ್ಟದ್ದು ಗೆರೆಗಳು ದೂರ ಹೋದಂತೆ ಅಗಲಿಸುವುದು: ಹಿಂಬದಿ ಮುಂಬದಿಗಿಂತ ದೊಡ್ಡದಾಗುತ್ತದೆ. ಕಂಡ ತಪ್ಪಿಗೆ ಒಂದು ಕೆಂಪು ಗುರುತು ಹಾಕಿ, ಆ ಡಬ್ಬವನ್ನು ಅಲ್ಲಿಗೇ ಬಿಟ್ಟುಬಿಡಿ. ತಿದ್ದುವುದು ಮುಂದಿನ ಡಬ್ಬದಲ್ಲಿ.

ಕಾಣದ ಮೂರು ಅಂಚುಗಳನ್ನೂ ಕೆಲವರು ಮೊದಲ ದಿನವೇ ಬರೆಯಹೊರಡುತ್ತಾರೆ. ಮಾಡಿದ ತಪ್ಪೆಲ್ಲ ಆ ಹಿಂದಿನ ಮೂಲೆಗೆ ಹೋಗಿ ಸೇರಿ, ಮೂರು ಗೆರೆ ಕೂಡುವುದೇ ಇಲ್ಲ. ಎರಡನೇ ವಾರಕ್ಕಿರಲಿ.

ಇನ್ನೊಂದು ಸಂಗತಿ ಪುಸ್ತಕದಲ್ಲಿ ಓದಿದರೂ ಕೈಗೆ ಬರುವುದು ತಡ. ಬಿಂದುವನ್ನು ಹತ್ತಿರ ಹಿಡಿದು ಗೆರೆಗಳನ್ನು ಬೇಗ ಕೂಡಿಸಿದರೆ ಬೆಂಕಿಪೊಟ್ಟಣ ಬಹುಮಹಡಿ ಕಟ್ಟಡವಾಗುತ್ತದೆ. ನಿಧಾನವಾಗಿ, ಹೆಚ್ಚುಕಡಿಮೆ ಸಮಾನಾಂತರವೆನ್ನುವಷ್ಟು ಸಾವಕಾಶವಾಗಿ ಕೂಡಿಸಿದರೆ ಅಂಗೈಯಲ್ಲಿ ಹಿಡಿಯುವ ವಸ್ತುವಾಗುತ್ತದೆ. ಅಳತೆ ಅದೇ ಇದ್ದರೂ ವಸ್ತುವಿನ ಗಾತ್ರ ಹೇಳುವುದು ಈ ಕೂಡುವ ವೇಗ. ಮೊಬೈಲನ್ನು ತೀರಾ ಹತ್ತಿರ ಹಿಡಿದು ಪೊಟ್ಟಣದ ಫೋಟೊ ತೆಗೆದರೆ ಅದೂ ಕಟ್ಟಡದಂತೆಯೇ ಕಾಣುತ್ತದೆ, ಹಾಗಾಗಿ ಫೋಟೊ ನೋಡಿ ಬರೆಯಬೇಡಿ.

ದಿನಕ್ಕೆ ಐದು ಡಬ್ಬ ಸಾಕು. ‘ಡ್ರಾ ಎ ಬಾಕ್ಸ್’ ಎಂಬ ಉಚಿತ ಪಾಠಮಾಲೆಯಲ್ಲಿ 250 ಪೆಟ್ಟಿಗೆ ಬರೆಯುವ ಅಭ್ಯಾಸವಿದೆ. ಚಿತ್ರಕ್ಕೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಬರೀ ಖುಷಿಗೆ ಬರೆಯಲು ಇಡಬೇಕು ಎಂದೂ ಅದೇ ಪಾಠ ಹೇಳುತ್ತದೆ. ಜನ 250 ಅನ್ನು ಹಿಡಿದುಕೊಂಡು ಅರ್ಧವನ್ನು ಮರೆಯುತ್ತಾರೆ. ಐದು ಡಬ್ಬವಾದ ಮೇಲೆ ಬೀರು ಬರೆಯಿರಿ, ಬಸ್ಸು ಬರೆಯಿರಿ, ಚಕ್ರ ಮೊಟ್ಟೆಯಂತಾದರೂ ಚಿಂತೆಯಿಲ್ಲ.

ಐದರಲ್ಲಿ ಎರಡು ಸುಮಾರಾಗಿ ಬಂದ ದಿನ ಪೊಟ್ಟಣವನ್ನು ಅರ್ಧ ತೆರೆದಿಟ್ಟು ಬರೆಯಿರಿ. ಹೊರಬಂದ ಒಳಡಬ್ಬದ ಗೆರೆಗಳೂ ಹಳೆಯ ಮೂರು ಬಿಂದುಗಳಿಗೇ ಹೋಗುತ್ತವೆ. ಆಮೇಲೆ ಅದರ ಮೇಲೆ ಇನ್ನೊಂದು ಪೊಟ್ಟಣವನ್ನು ಓರೆಯಾಗಿಡಿ. ನೆಟ್ಟಗೆ ನಿಂತ ಅಂಚುಗಳಿಗೆ ಮಾತ್ರ ಹಳೆಯ ಬಿಂದು ಉಳಿಯುತ್ತದೆ, ಉಳಿದೆರಡನ್ನು ಹೊಸದಾಗಿ ಹುಡುಕಬೇಕು.